ಅಟ್ಟಕ್ಕೇರಿದ ಗಿಟಾರು

ಮಕ್ಕಳೇ, ನಮ್ಮ ಶೆಟ್ಟಿಕೆರೆ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಬಿಡುತ್ತೇವೆ. ನೀರೆಲ್ಲ ಇಂಗಿ, ಒಳಗೆ ಉಂಡೆ ಕೊಬ್ಬರಿ ಗಲಗಲ ಅನ್ನುತ್ತದೆ. ಆಮೇಲೆ ಅದು ತಿಪಟೂರು ಮಾರುಕಟ್ಟೆಗೆ. ಅದೇ ಅಟ್ಟದ ಮೇಲೆ, ಕಡು ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ ಮೊಮ್ಮಗಳ ಗಿಟಾರನ್ನು ಇಟ್ಟವನು ನಾನೇ. ಕೆಳಗಿದ್ದರೆ ಯಾರಾದರೂ ಎಡವುತ್ತಾರೆ ಅಂತ ನನ್ನ ಬುದ್ಧಿವಂತಿಕೆ!

ಹತ್ತು ದಿನ ಬಿಟ್ಟು ಇಳಿಸಿದರೆ ತಂತಿಗಳನ್ನು ಹಿಡಿದಿರುವ ಮರದ ಪಟ್ಟಿ ಹಿಂಬದಿಯಲ್ಲಿ ಎದ್ದಿತ್ತು. ವೀಣೆಯಲ್ಲಿ ಇದನ್ನು ಕುದುರೆ ಅನ್ನುತ್ತಾರೆ. ಬ್ಯಾಂಕಿನ ಹಳೇ ಚಲನ್ ಒಂದನ್ನು ಸಂದಿಗೆ ತೂರಿಸಿದೆ, ಅರ್ಧದವರೆಗೂ ಹೋಯಿತು. ಅದು ನನ್ನ ಮಗ ಮೊದಲ ಸಂಬಳದಲ್ಲಿ ಕೊಂಡ ಗಿಟಾರು. ಏಳನೇ ತರಗತಿಯ ಮೊಮ್ಮಗಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ವೀಣೆ, ಪಿಟೀಲುಗಳಲ್ಲಿ ತಂತಿ ಕುದುರೆಯ ಮೇಲೆ ಹಾದು ಆಚೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ಕುದುರೆಯನ್ನು ಕೆಳಗೆ ಒತ್ತುತ್ತದೆ. ಈ ಗಿಟಾರಿನಲ್ಲಿ ತಂತಿ ಕುದುರೆಯಲ್ಲೇ ಮುಗಿಯುತ್ತದೆ. ಆರು ಉಕ್ಕಿನ ತಂತಿಗಳ ಎಳೆತ ಒಟ್ಟು ಸುಮಾರು 70 ಕೆ.ಜಿ.! ಒಬ್ಬ ದೊಡ್ಡ ಆಳು ಹಗಲೂ ರಾತ್ರಿ ಜಗ್ಗಿದಂತೆ. ತಡೆದಿರುವುದು ಒಂದು ಪದರ ಅಂಟು. ಬಿಸಿಗೆ ಅದು ಮೆತ್ತಗಾಯಿತು.

ಮೊದಲು ನಾನು ಮಾಡಿದ್ದು ತಪ್ಪು. ಸಂದಿಗೆ ಅಂಟು ಸುರಿದು, ಮೇಲೆ ರುಬ್ಬುವ ಗುಂಡು ಹೇರಿದೆ. ಮಾರನೇ ದಿನ ತಂತಿ ಬಿಗಿಸುತ್ತಿದ್ದಂತೆ ಟಕ್ಕನೆ ಎದ್ದಿತು. ಗುಂಡಿನ ಭಾರಕ್ಕೆ ಮೇಲಿನ ತೆಳು ಹಲಗೆ ಸೀಳದಿದ್ದುದು ಪುಣ್ಯ.

ಊರಿನ ಆಚಾರ್ರು ನೋಡಿ ನಕ್ಕರು. "ಹಳೇ ಅಂಟಿನ ಮೇಲೆ ಹೊಸದು ಕೂರಲ್ಲ ಯಜಮಾನ್ರೇ. ಮರಕ್ಕೆ ಮರ ತಾಗಬೇಕು."

ತಂತಿ ಸಡಿಲಿಸಿ ಬಿಚ್ಚಿದೆವು. ಕುದುರೆಯ ಸುತ್ತ ಸೀಸದ ಕಡ್ಡಿಯಲ್ಲಿ ಗೆರೆ ಎಳೆದೆವು. ಜಾಗ ಒಂದೆರಡು ಮಿಲಿಮೀಟರ್ ತಪ್ಪಿದರೂ ಶ್ರುತಿ ಕೂಡುವುದಿಲ್ಲ. ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಕೊಟ್ಟು, ತೆಳು ಅಲಗನ್ನು ಮೆಲ್ಲಗೆ ತೂರಿಸುತ್ತಾ ಹೋದರು ಆಚಾರ್ರು. ಅವಸರ ಮಾಡಿದರೆ ಹಲಗೆಯ ನಾರೂ ಕಿತ್ತು ಬರುತ್ತದಂತೆ. (ಇದು ದೊಡ್ಡವರ ಕೆಲಸ, ನೀವು ಕೈ ಹಾಕಬೇಡಿ.) ಕಿತ್ತ ಮೇಲೆ ಎರಡೂ ಕಡೆಯ ಹಳೇ ಅಂಟನ್ನು ಕೆರೆದು ತೆಗೆಯಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು.

ಬಿಗಿ ಹಿಡಿಯುವ ಕ್ಲಾಂಪಿನ ಬಾಯಿ ಸದ್ದಿನ ತೂತಿನಿಂದ ಕುದುರೆಯವರೆಗೆ ಎಟುಕಲಿಲ್ಲ. ಆಚಾರ್ರು ಎರಡು ಉದ್ದ ಪಟ್ಟಿಗೆ ಬೋಲ್ಟು ಹಾಕಿ ಹೊಸದನ್ನೇ ಮಾಡಿದರು. ಒಳಗೆ ಆಸರೆಗೆ ಒಂದು ತುಂಡು ಹಲಗೆ ಹಿಡಿಯಬೇಕು. ನನ್ನ ಕೈ ಮುಂಗೈವರೆಗೆ ಹೋಗಿ ಸಿಕ್ಕಿಕೊಂಡಿತು.

"ಬಿಡಿ ತಾತ, ನಾನು ಹಿಡೀತೀನಿ" ಅಂದಳು. ಎರಡು ದಿನದ ಮೇಲೆ ಬಂದ ಮೊದಲ ಮಾತು!

ಮರಕ್ಕೆ ಹಾಕುವ ಬಿಳಿ ಅಂಟನ್ನು ತೆಳ್ಳಗೆ ಬಳಿದು ಬಿಗಿದೆವು. ಹೊರಗೆ ಉಕ್ಕಿದ್ದನ್ನು ಅವಳೇ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಒಂದು ಹಗಲು ಒಂದು ರಾತ್ರಿ ಯಾರೂ ಮುಟ್ಟಲಿಲ್ಲ. ನಾನು ಮಾತ್ರ ನಾಲ್ಕು ಸಲ ಎದ್ದು ನೋಡಿ ಬಂದೆ.

ತಂತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆವು. ಮೊಮ್ಮಗಳು ಅದೇ ಚಲನ್ ತಂದು ಕುದುರೆಯ ಸುತ್ತ ನಾಲ್ಕೂ ಕಡೆ ತೂರಿಸಿ ನೋಡಿದಳು. ಎಲ್ಲೂ ಹೋಗಲಿಲ್ಲ. ಒಳಗಿನಿಂದ ಅವಳ ಅಜ್ಜಿ ಕೂಗಿದಳು, "ಇನ್ನು ಅದನ್ನ ಎಲ್ಲಿಡ್ತೀರಿ?"

ನನ್ನ ಮಂಚದ ಪಕ್ಕದ ಗೋಡೆಗೆ ಮೊಳೆ ಹೊಡೆದಿದ್ದೇನೆ.