ಕುಣಿಯುವ ಮುನ್ನ ನೆಲ ನೋಡಿ



ಕಂಪ್ಯೂಟರ್ ಆಟದಲ್ಲಿ ಸೋತಾಗ ‘ಸೌಂಡೇ ಸರಿಯಿಲ್ಲ, ಹಿಂದಿನಿಂದ ಬಂದವನ ಹೆಜ್ಜೆ ಕೇಳಿಸಲೇ ಇಲ್ಲ’ ಎಂದು ನೀವು ಗೊಣಗುವುದುಂಟು. ಮನೆಯಲ್ಲಿ ಅಜ್ಜಿಯಿದ್ದರೆ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ಕೂಡಲೇ ಗಾದೆ ಹೇಳಿಬಿಡುತ್ತಾರೆ. ಅಜ್ಜಿಯ ಮಾತು ಬಹುಮಟ್ಟಿಗೆ ನಿಜವೇ. ಆದರೆ ಈ ಒಂದು ವಿಷಯದಲ್ಲಿ ನಾನು ನಿಮ್ಮ ಪರ. ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ! ಅದನ್ನು ಸಮ ಮಾಡುವುದು ಹೇಗೆಂದು ಈ ಸಲ ನೋಡೋಣ.

ಮೊದಲು ಸ್ವಲ್ಪ ಹಳೆಯ ಕಥೆ. 1993ರ ಡಿಸೆಂಬರ್‌ನಲ್ಲಿ ‘ಡೂಮ್’ ಎಂಬ ಆಟ ಬಂತು. ಆಡುವ ಮೊದಲು ಸೆಟಪ್ ಪ್ರೋಗ್ರಾಂ ತೆರೆದು ಸೌಂಡ್ ಕಾರ್ಡ್ ಯಾವುದು, ಅದರ ಪೋರ್ಟ್ ವಿಳಾಸ 220 ಹೌದೋ ಅಲ್ಲವೋ, ಇಂಟರಪ್ಟ್ ಸಂಖ್ಯೆ 5 ಅಥವಾ 7 ಎಂದೆಲ್ಲ ತಿಳಿಸಬೇಕಿತ್ತು. ತಪ್ಪಿದರೆ ಆಟ ಮೂಕಿಚಿತ್ರ! ಏಕಕಾಲಕ್ಕೆ ಎಷ್ಟು ಸದ್ದುಗಳು ಕೇಳಬೇಕೆಂದು 1ರಿಂದ 8ರವರೆಗೆ ಆರಿಸಿಕೊಳ್ಳಬಹುದಿತ್ತು. ಆ ಸದ್ದುಗಳನ್ನು ಬೆರೆಸುವ ಕೆಲಸ 386, 486 ಪ್ರೊಸೆಸರುಗಳ ತಲೆಯ ಮೇಲೇ ಬೀಳುತ್ತಿದ್ದುದರಿಂದ, ಸಂಖ್ಯೆ ಇಳಿಸಿದಷ್ಟೂ ಯಂತ್ರದ ಹೊರೆ ಹಗುರವಾಗುತ್ತಿತ್ತು.

ಇಂದಿನ ಪ್ರೊಸೆಸರಿಗೆ ಅದೊಂದು ಹೊರೆಯೇ ಅಲ್ಲ. ಆದ್ದರಿಂದ ಸದ್ದಿನ ಗುಣಮಟ್ಟ ಇಳಿಸಿ ಆಟದ ವೇಗ ಏರಿಸುತ್ತೇನೆಂದರೆ ಸಾಮಾನ್ಯವಾಗಿ ಫಲ ಸಿಗದು. ವೇಗಕ್ಕೆ ಚಿತ್ರದ ಸೆಟ್ಟಿಂಗ್‌ಗಳನ್ನೇ ಮುಟ್ಟಬೇಕು. ಸದ್ದಿನ ಸೆಟ್ಟಿಂಗ್‌ಗಳಿಂದ ಸುಧಾರಿಸುವುದು ಯಂತ್ರವಲ್ಲ, ನೀವು! ಅಲ್ಲಿ ಗಮನಿಸಬೇಕಾದದ್ದು ಎರಡು: ಸಮಯ ಮತ್ತು ದಿಕ್ಕು.

ಮೊದಲು ಸಮಯ. ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟು ವೇಷಧಾರಿಯ ಹೆಜ್ಜೆಗಿಂತ ಚೂರು ಹಿಂದೆ ಬಿದ್ದರೆ ಹೇಗಿರುತ್ತದೆ? ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಆಗುವುದು ಅದೇ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ನೂರರಿಂದ ಇನ್ನೂರು ಮಿಲಿಸೆಕೆಂಡಿನಷ್ಟು ತಡವಾಗಿ ಬರುವುದುಂಟು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ 150 ಮಿಲಿಸೆಕೆಂಡು ಎಂದರೆ 9 ಫ್ರೇಮ್‌ಗಳು. ಎದುರಾಳಿ ಬಾಗಿಲು ದಾಟಿದ ಮೇಲೆ ಅವನ ಹೆಜ್ಜೆ ನಿಮಗೆ ಕೇಳಿಸುತ್ತದೆ! ಸಾಲದ್ದಕ್ಕೆ, ಅದೇ ಹೆಡ್‌ಫೋನಿನ ಮೈಕ್‌ನಲ್ಲಿ ಮಾತಾಡತೊಡಗಿದರೆ ಬಹಳಷ್ಟು ಬ್ಲೂಟೂತ್ ಸಾಧನಗಳು ಟೆಲಿಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತವೆ. ಎಡ-ಬಲ ಎರಡೂ ಒಂದಾಗಿ ಸದ್ದು ಮಂಕಾಗುತ್ತದೆ. ಪರಿಹಾರ ಸರಳ. ತಂತಿಯಿರುವ ಸಾಧಾರಣ ಹೆಡ್‌ಫೋನ್ ಸಾಕು. ಅದಿಲ್ಲದಿದ್ದರೆ ಮಾತಿಗೆ ಲ್ಯಾಪ್‌ಟಾಪಿನ ಮೈಕ್ ಆರಿಸಿಕೊಳ್ಳಿ.

ಇನ್ನು ದಿಕ್ಕು. ಬಲಗಡೆಯ ಸದ್ದು ಎಡಗಿವಿಗೆ ತಲುಪುವಾಗ ಆಗುವ ತಡ ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡು. ಅಷ್ಟರಲ್ಲೇ ನಮ್ಮ ಮೆದುಳು ದಿಕ್ಕನ್ನು ಲೆಕ್ಕ ಹಾಕಿಬಿಡುತ್ತದೆ! ತಲೆ ಮತ್ತು ಕಿವಿಯ ಆಕಾರದಿಂದ ಸದ್ದಿನಲ್ಲಾಗುವ ಬದಲಾವಣೆಯನ್ನು ಕಂಪ್ಯೂಟರೇ ಅನುಕರಿಸುವ ವಿಧಾನಕ್ಕೆ ಎಚ್‌ಆರ್‌ಟಿಎಫ್ ಎನ್ನುತ್ತಾರೆ. ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ ಆಟಕ್ಕೆ ಇದು 2017ರಲ್ಲಿ ಬಂತು. ಆಟದಲ್ಲಿ ಈ ಸೌಲಭ್ಯವಿದ್ದರೆ ಬಳಸಿ. ಆದರೆ ಆಗ ವಿಂಡೋಸ್‌ನ ಸ್ಪೇಷಿಯಲ್ ಸೌಂಡ್ ಮತ್ತು ಹೆಡ್‌ಸೆಟ್ಟಿನ ಸರೌಂಡ್ ಎರಡನ್ನೂ ಆರಿಸಿಬಿಡಿ. ಸಾರಿಗೆ ಅಮ್ಮ ಉಪ್ಪು ಹಾಕಿದ ಮೇಲೆ ಅಪ್ಪನೂ ಹಾಕಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಸ್ಪೀಕರ್ ಆಯ್ಕೆಯಲ್ಲಿ 5.1 ಬೇಡ, ಹೆಡ್‌ಫೋನ್ ಅಥವಾ ಸ್ಟೀರಿಯೋ ಇರಲಿ. ಹಿನ್ನೆಲೆ ಸಂಗೀತ ತಗ್ಗಿಸಿ. ಎಲ್ಲ ಸದ್ದನ್ನೂ ಒಂದೇ ಎತ್ತರಕ್ಕೆ ತರುವ ‘ಲೌಡ್‌ನೆಸ್ ಈಕ್ವಲೈಸೇಶನ್’ ಹಾಕಿದರೆ ಸಣ್ಣ ಸದ್ದು ಕೇಳುತ್ತದೆ ನಿಜ, ಆದರೆ ಹತ್ತಿರದ್ದು ಯಾವುದು, ದೂರದ್ದು ಯಾವುದು ಎಂಬ ಅಂದಾಜು ತಪ್ಪುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆಡಿ ನೋಡಿ. ಒಟ್ಟಿಗೆ ಐದು ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತೆಂದು ತಿಳಿಯದು.

ಕೊನೆಯ ಮಾತು ವಾಲ್ಯೂಮ್‌ದು. ಹೆಜ್ಜೆಸದ್ದು ಕೇಳಲೆಂದು ಏರಿಸಿದ ವಾಲ್ಯೂಮ್‌ನಲ್ಲೇ ಬಾಂಬಿನ ಸದ್ದೂ ಕಿವಿಗೆ ಬಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಮಿತಿ, ಮಕ್ಕಳಿಗೆ 75 ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕರ್ಧ. 83ಕ್ಕೆ 20 ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಟದಲ್ಲಿ ಸತ್ತವನಿಗೆ ಇನ್ನೊಂದು ಜೀವ ಉಂಟು, ಕಿವಿಗೆ ಇಲ್ಲ.

ಡೆಸಿಬೆಲ್ ಅಳೆಯುವ ಉಪಕರಣ ಮನೆಯಲ್ಲಿಲ್ಲವೆನ್ನುತ್ತೀರಾ? ಒಂದು ಸುಲಭ ಅಂದಾಜು ಹೇಳುತ್ತೇನೆ. ಅಡುಗೆಮನೆಯಿಂದ ಅಮ್ಮ ‘ಊಟಕ್ಕೆ ಬಾ ಮಗಾ’ ಎಂದು ಕರೆದರೆ ಕೇಳಿಸಬೇಕು, ಅಷ್ಟೇ ಇರಲಿ ವಾಲ್ಯೂಮ್. ಕಾಲೇಜಿನಲ್ಲಿ ಇಂಗ್ಲಿಷ್, ಲೋಕಲ್ ರೈಲಿನಲ್ಲಿ ಹಿಂದಿ, ಮರಾಠಿ, ಆಟದ ಜೊತೆಗಾರರೊಡನೆ ಇನ್ನೊಂದು. ನಿಮ್ಮ ಕಿವಿಗೆ ಇಡೀ ದಿನದಲ್ಲಿ ಬೀಳುವ ಕನ್ನಡ ಆ ಒಂದು ಕರೆಯೇ ಆಗಿರಬಹುದು. ಅದು ತಪ್ಪಿಹೋಗದಿರಲಿ.