ಕೆಂಪಾದ ಮುಖಕ್ಕೆ ಹಸಿರು ಕ್ರೀಮ್: ಕೆಂಪು ಮರೆಯಾಗುತ್ತದೆ, ಗುಣವಾಗುತ್ತದೆಯೇ?

ಮದುವೆ ಸೀಸನ್ ಶುರುವಾದರೆ ಸಾಕು, ಮೊಬೈಲಿಗೆ ಇಂಥದ್ದೊಂದು ವಿಡಿಯೋ ಬಂದು ಬೀಳುತ್ತದೆ. ಕೆನ್ನೆ ಕೆಂಪಾಗಿರುವ ಹುಡುಗಿ ಹಸಿರು ಬಣ್ಣದ ಕ್ರೀಮ್ ಹಚ್ಚಿಕೊಳ್ಳುತ್ತಾಳೆ, ಮರುಕ್ಷಣ ಕೆಂಪು ಮಾಯ! ಕೆಳಗೆ ಅಲರ್ಜಿಗೆ ಇದೇ ರಾಮಬಾಣ ಎಂಬರ್ಥದ ಬರಹ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಫ್ಯಾಮಿಲಿ ಗ್ರೂಪುಗಳಿಗೂ ಇಂಥವು ತಲುಪುತ್ತವೆ. ವಿಡಿಯೋದಲ್ಲಿ ಕಾಣುವುದು ನಿಜವೇ ಇರಬಹುದು. ಕೆಳಗಿನ ಬರಹ ಮಾತ್ರ ತಪ್ಪು.

ಹಸಿರು ಕೆಂಪನ್ನು ಹೇಗೆ ಮರೆಸುತ್ತದೆ?

ಚರ್ಮದಡಿಯ ಸಣ್ಣ ರಕ್ತನಾಳಗಳು ಹಿಗ್ಗಿದಾಗ ಅಲ್ಲಿ ರಕ್ತ ಹೆಚ್ಚು ಹರಿಯುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಬೆಳಕಿನ ಹಸಿರು ಭಾಗವನ್ನು ಹೀರಿಕೊಂಡು ಕೆಂಪನ್ನು ಉಳಿಸುತ್ತದೆ. ಆದ್ದರಿಂದ ಆ ಜಾಗ ಕೆಂಪಾಗಿ ಕಾಣುತ್ತದೆ. ಹಸಿರು ಕನ್ಸೀಲರ್‌ನ ಬಣ್ಣ, ಹೆಚ್ಚಾಗಿ ಕ್ರೋಮಿಯಂ ಆಕ್ಸೈಡ್, ಇದಕ್ಕೆ ವಿರುದ್ಧ. ಅದು ಕೆಂಪನ್ನು ಹೀರಿ ಹಸಿರನ್ನು ಬಿಡುತ್ತದೆ. ಶಾಲೆಯಲ್ಲಿ ಕೆಂಪು ಮತ್ತು ಹಸಿರು ವಾಟರ್ ಕಲರ್ ಬೆರೆಸಿದಾಗ ಮಂಕು ಕಂದು ಬಣ್ಣ ಬರುತ್ತಿತ್ತಲ್ಲ, ಇಲ್ಲಿ ನಡೆಯುವುದೂ ಅದೇ. ಒಳಗಿನ ರಕ್ತನಾಳ ಹಾಗೇ ಇರುತ್ತದೆ, ನೋಡುವವರ ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ನಮ್ಮ ಮೈಬಣ್ಣಕ್ಕೆ ಹೊಂದುತ್ತದೆಯೇ?

ಇಂಥ ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವುದು ತೀರಾ ಬಿಳಿ ಚರ್ಮ. ಗೋಧಿ ಅಥವಾ ಕಪ್ಪು ಮೈಬಣ್ಣದವರಲ್ಲಿ ಕೆಂಪು ಅಷ್ಟು ಎದ್ದು ಕಾಣದು, ಕಂದು ಅಥವಾ ನೇರಳೆ ಛಾಯೆಯಲ್ಲಿರುತ್ತದೆ. ಅದರ ಮೇಲೆ ತಿಳಿ ಹಸಿರು ದಪ್ಪಗೆ ಹಚ್ಚಿದರೆ ಮುಖಕ್ಕೆ ಬೂದಿ ಬಳಿದಂತಾಗುತ್ತದೆ. ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆಗೆ ಹಸಿರು ಕೆಲಸಕ್ಕೆ ಬಾರದು, ಅದಕ್ಕೆ ಕಿತ್ತಳೆ ಅಥವಾ ಪೀಚ್ ಬಣ್ಣ ಬೇಕು.

ಹಚ್ಚುವ ಕ್ರಮ ಸರಳ. ಮುಖ ತೊಳೆದು, ಸನ್‌ಸ್ಕ್ರೀನ್ ಹಚ್ಚಿ ಆರಲು ಬಿಡಿ. ಕೆಂಪಿರುವ ಜಾಗಕ್ಕಷ್ಟೇ ಚೂರು ಹಸಿರನ್ನು ಬೆರಳ ತುದಿಯಿಂದ ತಟ್ಟಿ, ಉಜ್ಜಬೇಡಿ. ಮೇಲೆ ನಿಮ್ಮ ಮೈಬಣ್ಣದ ಕನ್ಸೀಲರ್ ತೆಳ್ಳಗೆ ಹಚ್ಚಿ. ಹೊಸ ಡಬ್ಬಿಯಾದರೆ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ಮೂರು ದಿನ ನೋಡಿ.

ಅಪ್ಪೆಮಿಡಿ ಸೊನೆ ತಾಗಿದ್ದರೆ?

ಘಟ್ಟದ ಮೇಲಿನವರಿಗೆ ಮುಖ ಕೆಂಪಾಗಲು ಬೇರೆಯದೇ ಕಾರಣಗಳಿವೆ. ಅಪ್ಪೆಮಿಡಿ ಕೊಯ್ಯುವಾಗ ಸಿಡಿಯುವ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಕಾಡಿನ ಹೊಲಗೇರು ಮರದ ರಸ, ಮೂರೂ ಚರ್ಮ ಸುಡಬಲ್ಲವು. ಇವೆಲ್ಲ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ಸೊನೆ ತಾಗಿದ ಕೂಡಲೇ ಉರಿಯಾಗಬಹುದು. ಅಲರ್ಜಿಯಾದರೆ ಒಂದೆರಡು ದಿನ ಬಿಟ್ಟು ಕೆಂಪು, ತುರಿಕೆ, ಗುಳ್ಳೆ ಏಳುತ್ತವೆ. ಹಾಗಾಗಿ ಬಹಳ ಜನರಿಗೆ ಕಾರಣವೇ ಹೊಳೆಯುವುದಿಲ್ಲ. ಸೊನೆ ತಾಗಿದ ತಕ್ಷಣ ಸೋಪು, ನೀರಿನಿಂದ ತೊಳೆಯುವುದೇ ಮೊದಲ ಮದ್ದು. ಗುಳ್ಳೆ ಎದ್ದ, ಸಿಪ್ಪೆ ಸುಲಿದ, ನೀರು ಸೋರುವ ಚರ್ಮದ ಮೇಲೆ ಯಾವ ಬಣ್ಣದ ಕನ್ಸೀಲರ್ ಕೂಡ ಬೇಡ.

ಕೆಂಪಾದ ಜಾಗಕ್ಕೆ ನಿಂಬೆರಸ ಹಚ್ಚಿ ಎನ್ನುವ ಫಾರ್ವರ್ಡನ್ನೂ ನಂಬಬೇಡಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು.

ನಿಜವಾದ ಅಪಾಯ ಬೇರೆ ಟ್ಯೂಬಿನಲ್ಲಿದೆ

ಕನ್ಸೀಲರ್ ತೊಳೆದರೆ ಹೋಗುತ್ತದೆ. ಆದರೆ 'ಮುಖಕ್ಕೆ ಏನಾದರೂ ಕೊಡಿ' ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮುಲಾಮು ಹಾಗಲ್ಲ. ಮೊದಮೊದಲು ಅದು ಅದ್ಭುತವೆನಿಸುತ್ತದೆ, ಎರಡೇ ದಿನದಲ್ಲಿ ಕೆಂಪು ಇಳಿದು ಮುಖ ಬೆಳ್ಳಗಾಗುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ, ಕೂದಲು ಬರುತ್ತವೆ. ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಕೆಂಪು, ಉರಿ. ತಡೆಯಲಾಗದೆ ಮತ್ತೆ ಅದೇ ಟ್ಯೂಬ್. ಆ ಕೆಂಪಿನ ಮೇಲೆ ಹಸಿರು ಕನ್ಸೀಲರ್ ಹಚ್ಚಿ ತಿಂಗಳುಗಳನ್ನು ದೂಡಿದರೆ ಹಾನಿ ಒಳಗೇ ಬೆಳೆಯುತ್ತದೆ.

ಇದು ಅಪರೂಪದ ಕಥೆಯಲ್ಲ. ದೇಶದ ಹಲವು ಚರ್ಮರೋಗ ವಿಭಾಗಗಳು ಸೇರಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಯೊಂದಿಗೆ ಬಂದ 2926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಗಳ ಮುಲಾಮುಗಳನ್ನು ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕೆಂದು 'ಶೆಡ್ಯೂಲ್ ಎಚ್' ಪಟ್ಟಿಯಡಿ ತಂದಿತು. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಟ್ಯೂಬನ್ನೂ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಬಿಡುವ ಕ್ರಮವನ್ನು ಅವರೇ ಹೇಳುತ್ತಾರೆ.

ಮುಚ್ಚಬಾರದ ಕೆಂಪು ಯಾವುದು?

ಎರಡು ವಾರವಾದರೂ ಇಳಿಯದ ಕೆಂಪನ್ನು ವೈದ್ಯರಿಗೆ ತೋರಿಸಿ. ಮೂಗಿನ ಎರಡೂ ಬದಿ ಚಿಟ್ಟೆಯ ರೆಕ್ಕೆಯಂತೆ ಕೆಂಪಾಗಿ, ಜೊತೆಗೆ ಕೀಲುನೋವು, ಜ್ವರವಿದ್ದರೆ ಲೂಪಸ್ ಇರಬಹುದು. ಮುಟ್ಟಿದರೆ ಅರಿವಾಗದ, ಕೆಂಪಗಿನ ಅಥವಾ ಬಣ್ಣ ಮಂಕಾದ ಮಚ್ಚೆ ಕುಷ್ಠರೋಗದ ಲಕ್ಷಣವಾಗಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯಿದೆ, ಪೂರ್ತಿ ಗುಣವಾಗುತ್ತದೆ. ಮುಖ ಊದಿಕೊಂಡು ಉಸಿರಾಟಕ್ಕೆ ಕಷ್ಟವಾದರೆ ಒಂದು ಗಳಿಗೆಯೂ ಕಾಯಬೇಡಿ. ತಾಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಗತ್ಯವಿದ್ದರೆ ಕಾರವಾರ ಅಥವಾ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿಗೆ ಹೋಗಬಹುದು.

ಫಾರ್ವರ್ಡ್ ಮಾಡುವ ಮುನ್ನ

ಯಕ್ಷಗಾನದ ಊರಿನವರಿಗೆ ಬಣ್ಣದ ವಿಷಯ ಹೊಸದಲ್ಲ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಬಣ್ಣ ಹಚ್ಚಿಕೊಂಡ ವೇಷಧಾರಿ, ಆಟ ಮುಗಿದ ಮೇಲೆ ಎಣ್ಣೆ ಹಚ್ಚಿ ಎಲ್ಲವನ್ನೂ ಒರೆಸಿ ತೆಗೆಯುತ್ತಾನೆ. ಕನ್ಸೀಲರ್ ಕೂಡ ವೇಷವೇ. ಮದುವೆಮನೆಗೆ, ಫೋಟೋಕ್ಕೆ ಹಚ್ಚಿಕೊಂಡರೆ ತಪ್ಪೇನಿಲ್ಲ, ರಾತ್ರಿ ಮಲಗುವ ಮೊದಲು ತೆಗೆಯಿರಿ. ತೆಗೆದ ಮೇಲೂ ಕನ್ನಡಿಯಲ್ಲಿ ಕೆಂಪು ಕಂಡರೆ, ಅದಕ್ಕೆ ಕಾರಣ ಹುಡುಕಿ. ಆ ವಿಡಿಯೋವನ್ನು ಮುಂದೆ ಕಳಿಸುವುದೇ ಆದರೆ ಜೊತೆಗೆ ಒಂದು ಸಾಲು ಸೇರಿಸಿ: ಇದು ಬಣ್ಣ, ಔಷಧವಲ್ಲ.