ನಾಯಿಗೊಂದು ಬಾಣಂತನ

ಕಟ್ಟಡದ ಕೆಲಸ ಅರ್ಧಕ್ಕೆ ನಿಂತಿತು. ಮೇಸ್ತ್ರಿ ಹೋದ, ಕಾವಲಿನವನು ಹೋದ, ಉಳಿದಿದ್ದ ಸಿಮೆಂಟು ಚೀಲಗಳೂ ಹೋದವು. ಕಾವಲಿಗೆಂದು ಕಟ್ಟಿದ್ದ ಹೆಣ್ಣು ನಾಯಿ ಮಾತ್ರ ಅಲ್ಲೇ ಉಳಿಯಿತು. ಬೆಂಗಳೂರಿನ ದಕ್ಷಿಣದ ಬಡಾವಣೆಯೊಂದರಲ್ಲಿ, ಆ ಸೈಟಿನ ಹಿಂದಿನ ಬೀದಿಯ ಗೃಹಿಣಿಯೊಬ್ಬರು ಅದನ್ನು ಗೋಣಿಯಲ್ಲಿ ಸುತ್ತಿ ಆಟೋದಲ್ಲಿ ತಂದಾಗ, ಅದರ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಮೈಮೇಲೆ ಕೂದಲಿದ್ದರೆ ತಾನೆ? ಮರಿಯಾಗಿದ್ದಾಗ ಕಟ್ಟಿದ ಹಗ್ಗವನ್ನು ಯಾರೂ ಸಡಿಲಿಸಿರಲಿಲ್ಲ. ನಾಯಿ ಬೆಳೆದಂತೆ ಹಗ್ಗ ಕತ್ತಿನ ಮಾಂಸದೊಳಕ್ಕೆ ಇಳಿದಿತ್ತು. ಗಾಯದಲ್ಲಿ ಹುಳಗಳು.

ಅತ್ತೆ ಮೂಗಿಗೆ ಸೆರಗು ಹಿಡಿದರು. "ಇದನ್ಯಾಕೆ ತಂದ್ಯೇ? ಇದು ಉಳಿಯೋ ಜೀವ ಅಲ್ಲ."

"ಎರಡೇ ತಿಂಗಳು ಅತ್ತೆ. ಗುಣವಾದ್ಮೇಲೆ ಒಳ್ಳೇ ಮನೆ ನೋಡಿ ಕೊಟ್ಬಿಡ್ತೀನಿ."

"ನಾಯಿಗೆ ಬಾಣಂತನ ಅನ್ನು!"

ಹಾಗೆ ನೋಡಿದರೆ ಆ ಮಾತು ಸರಿಯಾಗಿಯೇ ಇತ್ತು. ಪ್ರಾಣಿದಯಾ ಬಳಗದವರು ಇದನ್ನು ಫಾಸ್ಟರಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ಬಾಣಂತನವೇ ಇರಬೇಕು. ಉಳಿಸಿಕೊಳ್ಳಲಿಕ್ಕಲ್ಲ, ಕಳುಹಿಸಲಿಕ್ಕೆಂದೇ ಮಾಡುವ ಆರೈಕೆ ಅದು.

ಪಶುವೈದ್ಯರು ಮಂಪರು ಕೊಟ್ಟು ಹಗ್ಗ ಕತ್ತರಿಸಿದರು, ಹುಳ ತೆಗೆದು ಗಾಯ ತೊಳೆದರು. ಮನೆಗೆ ಬಂದ ನಾಯಿಯ ಮುಂದೆ ಗಂಡ, ಕನಿಕರದಿಂದಲೇ, ಒಂದು ತಟ್ಟೆ ತುಂಬ ಕೋಳಿ ಅನ್ನ ಇಟ್ಟರು. ಅತ್ತೆಯೇ ತಟ್ಟೆ ಎತ್ತಿಕೊಂಡರು. "ಒಣಗಿದ ಹೊಟ್ಟೆಗೆ ಒಮ್ಮೆಲೇ ತುಂಬಬಾರದು ಕಣೋ. ಬಾಣಂತಿಗೂ ಮೊದಲು ತಿಳಿಸಾರನ್ನ ತಾನೆ?" ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದ ಕೈ ಅದು. ವೈದ್ಯರೂ ಅದನ್ನೇ ಹೇಳಿದ್ದರು. ಬಹಳ ದಿನ ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂಗಳ ಮಟ್ಟ ದಿಢೀರನೆ ಕುಸಿಯುತ್ತದೆ, ಹೃದಯವೇ ಸೋಲಬಹುದು. ದಿನಕ್ಕೆ ಐದಾರು ಸಲ, ಒಂದೊಂದು ಹಿಡಿ. ಬೀದಿಯ ನಾಯಿಗೆ ಪ್ರೀತಿಯಿಂದ ಲೀಟರುಗಟ್ಟಲೆ ಹಾಲು ಸುರಿದು ಭೇದಿ ಹಿಡಿಸುವವರೂ ಇದನ್ನು ತಿಳಿದಿರುವುದು ಲೇಸು.

ಒಸಡು ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಉಣ್ಣಿಜ್ವರ ಎಂದು ಗೊತ್ತಾಯಿತು. ನಾಲ್ಕು ವಾರ ಡಾಕ್ಸಿಸೈಕ್ಲಿನ್, ಅದೂ ಬರಿಹೊಟ್ಟೆಗಲ್ಲ. ಹುಚ್ಚುನಾಯಿ ರೋಗದ ಲಸಿಕೆ ನಾಯಿಗೆ ಹಾಕಿದ್ದಾಯಿತು. ವೈದ್ಯರ ಸಲಹೆಯಂತೆ ಮನೆಯವರೂ ಆಸ್ಪತ್ರೆಗೆ ಹೋಗಿ ಮುಂಜಾಗ್ರತೆಯ ಚುಚ್ಚುಮದ್ದು ಹಾಕಿಸಿಕೊಂಡು ಬಂದರು.

ದೊಡ್ಡ ಕೆಲಸವಿದ್ದದ್ದು ಚರ್ಮದ್ದು. ಪಕ್ಕದ ಮನೆಯವರು ಗ್ಯಾರೇಜಿನಿಂದ ಹಳೇ ಎಂಜಿನ್ ಆಯಿಲ್ ತಂದು ಹಚ್ಚಿ ಎಂದರು. ಇದು ಎಲ್ಲ ಊರುಗಳಲ್ಲೂ ಕೇಳಿಬರುವ ಮದ್ದು. ಆ ಎಣ್ಣೆ ಹಸಿ ಚರ್ಮವನ್ನು ಸುಡುತ್ತದೆ. ನಾಯಿ ಅದನ್ನು ನೆಕ್ಕಿದರೆ ವಿಷ ಹೊಟ್ಟೆಗೂ ಹೋಗುತ್ತದೆ. ವೈದ್ಯರು ಮಾಡಿದ್ದು ಬೇರೆ. ಚರ್ಮವನ್ನು ಬ್ಲೇಡಿನಿಂದ ರಕ್ತ ಜಿನುಗುವಷ್ಟು ಕೆರೆದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಡೆಮೊಡೆಕ್ಸ್ ಎಂಬ ನುಸಿ. ಆರೋಗ್ಯವಂತ ನಾಯಿಯ ಕೂದಲ ಬುಡದಲ್ಲೂ ಇವು ನಾಲ್ಕಾರು ಇರುತ್ತವೆ. ಮೊಲೆ ಕುಡಿಯುವಾಗಲೇ ತಾಯಿಯಿಂದ ಮರಿಗೆ ದಾಟುತ್ತವೆ. ಮೈಯಲ್ಲಿ ಕಸುವಿರುವ ತನಕ ಇವುಗಳ ಆಟ ನಡೆಯದು. ಕಸುವು ಕುಂದಿತೋ, ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಮನುಷ್ಯರಿಗೆ ಇದು ಅಂಟುವುದಿಲ್ಲ. ಸಾರ್ಕಾಪ್ಟಿಸ್ ಎಂಬ ಇನ್ನೊಂದು ನುಸಿಯ ಕಜ್ಜಿ ಅಂಟುತ್ತದೆ. ಎರಡರಲ್ಲಿ ಯಾವುದೆಂದು ಬರಿಗಣ್ಣಿಗೆ ತಿಳಿಯದು. ಹಿಂದೆ ಇದಕ್ಕೆ ಅಮಿಟ್ರಾಜ್ ಬೆರೆಸಿದ ನೀರಿನಲ್ಲಿ ಮತ್ತೆ ಮತ್ತೆ ಮೀಯಿಸಬೇಕಿತ್ತು. ಈಗ ಜಗಿಯುವ ಮಾತ್ರೆ ಬಂದಿದೆ. ಸುಲಭ, ಆದರೆ ಅಗ್ಗವಲ್ಲ.

ಎರಡನೆಯ ತಿಂಗಳಿಗೆ ಮೈತುಂಬ ನವಿರು ಕೂದಲು ಬಂತು. ಕೆಂಗಂದು ಬಣ್ಣ! ಶಾಲೆಗೆ ಹೋಗುವ ಮಗ ಅಂದೇ ಕೆಂಪಿ ಎಂದು ಹೆಸರಿಟ್ಟ. ಅಷ್ಟು ದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ನಾಯಿ ಅಡುಗೆಮನೆಯ ಹೊಸ್ತಿಲವರೆಗೆ ಬಂದು ಕೂರತೊಡಗಿತು. ಗಂಡ ಹೇಳಿದರು, "ಗುಣವಾಯ್ತಲ್ಲ, ಇನ್ನು ಮಾತ್ರೆ ಯಾಕೆ?" ಕೆಂಪಿಯನ್ನು ಒಯ್ಯಲು ಒಂದು ಮನೆಯವರೂ ಒಪ್ಪಿದ್ದರು.

ಇಂಥ ಎಷ್ಟೋ ನಾಯಿಗಳು ಮತ್ತೆ ಕೆಡುವುದು ಈ ಹಂತದಲ್ಲೇ. ನುಸಿ ಪೂರ್ತಿ ಹೋಗುವ ಮೊದಲೇ ಕೂದಲು ಬಂದುಬಿಡುತ್ತದೆ. ತಿಂಗಳ ಅಂತರದಲ್ಲಿ ಎರಡು ಸಲ ಚರ್ಮ ಕೆರೆದು ನೋಡಿದಾಗಲೂ ಒಂದೂ ನುಸಿ ಕಾಣದಿದ್ದರೆ ಮಾತ್ರ ಮದ್ದು ನಿಲ್ಲಿಸಬಹುದು. ಕೆಂಪಿಯ ಚರ್ಮದಲ್ಲಿ ಇನ್ನೂ ಇದ್ದವು. ನಡುವೆ ನಿಲ್ಲಿಸಿದ್ದರೆ ಹೊಸ ಮನೆಯಲ್ಲಿ ಎರಡು ಮೂರು ತಿಂಗಳಲ್ಲಿ ಕೂದಲುದುರಿ, ಅವರೂ ಬೀದಿಗೆ ಬಿಡುತ್ತಿದ್ದರೋ ಏನೋ. ಎರಡು ತಿಂಗಳೆಂದದ್ದು ನಾಲ್ಕೂವರೆಯಾಯಿತು. ಒಯ್ಯಲು ಒಪ್ಪಿದ್ದವರು ಕಾಯಲಿಲ್ಲ, ಅಂಗಡಿಯಿಂದ ಮರಿ ಕೊಂಡರು. ಈ ನುಸಿಗೆ ಬೇಗ ಸೋಲುವ ಗುಣ ವಂಶದಲ್ಲಿ ಹರಿಯಬಹುದೆಂದು ಅಷ್ಟರಲ್ಲಿ ಕೆಂಪಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆಯೂ ಆಯಿತು.

ಹಗ್ಗ ಕಟ್ಟಿ ಹೋದವರ ಕಥೆ? ಅವರು ಸಿಗಲಿಲ್ಲ. ಸಿಕ್ಕಿದ್ದರೂ ಆಗುತ್ತಿದ್ದುದೇನು? ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆಯ ಒತ್ತಾಸೆಯಿಂದ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದೂ ಅದರ 11ನೆಯ ಕಲಮಿನಲ್ಲಿ ಅಪರಾಧ, ತೊರೆದು ಹೋಗುವುದೂ ಅಪರಾಧ. ಮೊದಲ ತಪ್ಪಿಗೆ ಆ ಕಾಯಿದೆ ಇಟ್ಟ ದಂಡ 10ರಿಂದ 50 ರೂಪಾಯಿ. ಕೆಂಪಿಯ ಒಂದು ಮಾತ್ರೆಗೂ ಅದು ಸಾಲದು.

ಕೊನೆಗೆ ಒಂದು ಮನೆ ಒದಗಿತು. ಮಕ್ಕಳೆಲ್ಲ ದೂರದಲ್ಲಿರುವ ನಿವೃತ್ತ ದಂಪತಿ. ಮೂರು ಭಾನುವಾರ ಬಂದು ಕೆಂಪಿಯ ಜೊತೆ ಅಂಗಳದಲ್ಲಿ ಕೂತು ಹೋದರು. ನಾಲ್ಕನೆಯ ಭಾನುವಾರ ಕರೆದೊಯ್ಯಲು ಬಂದಾಗ ಮಗ ಕೋಣೆಯ ಬಾಗಿಲು ಹಾಕಿಕೊಂಡ. "ನಮ್ಮನೇಲೇ ಇರಲಿ ಅಜ್ಜಿ" ಎಂದು ಒಳಗಿನಿಂದಲೇ ಅಳು.

"ಬಾಣಂತಿ ತವರಲ್ಲೇ ಉಳಿದ್ರೆ ಊರವರು ಏನಂತಾರೋ?" ಎಂದು ಗದರಿದ ಅಜ್ಜಿ, ಕೆಂಪಿ ಮಲಗುತ್ತಿದ್ದ ತಮ್ಮ ಹಳೇ ಸೀರೆಯನ್ನು ಮಡಿಸಿ ಅವರ ಕೈಗಿತ್ತರು. ಸೊಸೆ ಲಸಿಕೆಯ ಪುಸ್ತಕ, ಮಾತ್ರೆ ಕೊಟ್ಟ ತಾರೀಕುಗಳ ಚೀಟಿ ಕೊಟ್ಟರು. ಕತ್ತಿನ ಸುತ್ತ ಕೂದಲು ಬಾರದ ಗೆರೆ ಇನ್ನೂ ಇರುವುದರಿಂದ ಅಲ್ಲಿ ಪಟ್ಟಿ ಕಟ್ಟಬೇಡಿ, ಎದೆಯನ್ನು ಬಳಸುವ ಪಟ್ಟಿಯನ್ನೇ ಹಾಕಿ ಎಂದು ಎರಡು ಸಲ ಹೇಳಿದರು.

ಗೇಟಿನ ಬಳಿ ಕೆಂಪಿ ಒಮ್ಮೆ ನಿಂತು ಹಿಂತಿರುಗಿ ನೋಡಿತು. ಸೀರೆಯ ವಾಸನೆ ಹಿಡಿದು ಕಾರು ಹತ್ತಿತು.